ಕ್ಲೆಮ್ ಕೈ ಎತ್ತಲಿಲ್ಲ

ನನ್ನ ಭಾವ ಕ್ಲೆಮ್ ಅಂಪೈರ್ ಆಗಿ ನಿಲ್ಲುವ ಬೇಸ್‌ಬಾಲ್ ಆಟಗಳಲ್ಲಿ ಅಕ್ಕ ರೋಸೆಲ್ಲಾ ಅವನ ಹೆಸರೇ ಎತ್ತುತ್ತಿರಲಿಲ್ಲ. ಬ್ಯಾಟ್ ಹಿಡಿದವನು ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ತಂತಿಬಲೆಗೆ ತಾಗಿಕೊಂಡ ಬೆಂಚಿನಲ್ಲಿ ಕೂತು, ಜನ ತನ್ನ ಗಂಡನನ್ನು ಬೈಯುವುದನ್ನು ಬೇರೆ ಯಾರನ್ನೋ ಬೈಯುತ್ತಿದ್ದಾರೆ ಎಂಬಂತೆ ಕೇಳಿಸಿಕೊಳ್ಳುತ್ತಿದ್ದಳು. ನಮ್ಮೂರು ಲೋರೆನ್ಸ್‌ಬರ್ಗಿನಲ್ಲಿ ಅಂಪೈರನನ್ನು ಕಟ್ಟಿಕೊಂಡವಳಿಗೆ ಈ ಕಿವುಡು ಮದುವೆಯ ಜೊತೆಗೇ ಬರುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪಕ್ಕದಲ್ಲೇ ಮೊಣಕಾಲೂರಿದವರು ಮಧ್ಯಾಹ್ನ ಬಲೆಗೆ ಬಾಯಿಟ್ಟು "ಕುರುಡ!" ಎಂದು ಕೂಗುತ್ತಾರೆ. ಸಂಜೆ ಅವರೇ ಬಿಯರ್ ಕೊಡಿಸುತ್ತಾರೆ. ಆ ಮಾತಿಗೆ ಅರ್ಥವೇನೂ ಇರಲಿಲ್ಲ. ಆ ಬೇಸಿಗೆಯವರೆಗೆ ಇರಲಿಲ್ಲ.

ವಸಂತ ಕಳೆಯುವ ಹೊತ್ತಿಗೆ ಅಕ್ಕ ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದ್ದಳು. ಕ್ಲೆಮ್‌ನ ಎಡಗಣ್ಣಿನ ನಟ್ಟನಡುವೆ ಒಂದು ಮಸುಕು ಕೂತಿದೆ. ಡಾಕ್ಟರು ಅದು ಹೋಗುವಂಥದ್ದಲ್ಲ ಎಂದಿದ್ದಾರೆ. ಬಲಗಣ್ಣಿಗೂ ಬರಬಹುದು. ಅವನು ಯಾರಿಗೂ ಹೇಳಿಲ್ಲ, ಅವಳಿಗೂ ಹೇಳಿಲ್ಲ. ಆಸ್ಪತ್ರೆಯವರು ಮನೆಗೆ ಫೋನ್ ಮಾಡಿದಾಗ ಅವಳಿಗೆ ಗೊತ್ತಾಯಿತು. ಗೊತ್ತಾಗಿದೆ ಎನ್ನುವುದನ್ನು ಅವಳೂ ಅವನಿಗೆ ಹೇಳಿಲ್ಲ.

"ಅವನಾಗೇ ಬಿಡ್ಬೇಕು ಕಣೋ," ಎಂದಿದ್ದಳು. "ಆ ಲೀಗ್ ಕಮಿಟಿಯವರು 'ನೀನಿನ್ನು ಬರ್ಬೇಡ' ಅಂದ್ರೆ ಅವನು ಉಳಿಯಲ್ಲ. ಅಲ್ಲೀವರೆಗೆ ಯಾವನೋ ಎಸೆದ ಬಾಲು ಮುಖಕ್ಕೆ ಬಡೀದಿದ್ರೆ ಸಾಕು."

ಹೀಗೆ ಒಂದೇ ಮನೆಯೊಳಗೆ ಇಬ್ಬರು ಒಂದೇ ವಿಷಯವನ್ನು ಬೇರೆಬೇರೆ ಕೋಣೆಗಳಲ್ಲಿ ಬಚ್ಚಿಟ್ಟುಕೊಂಡು ಬೇಸಿಗೆಯನ್ನು ದಾಟುತ್ತಿದ್ದರು. ಸಂಜೆಯಾದರೆ ಕಾರನ್ನು ಅವಳೇ ಓಡಿಸುತ್ತಿದ್ದಳು. ಯಾಕೆಂದು ಅವನು ಕೇಳುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ ಊರಿನ ಹೈಸ್ಕೂಲಿಗೆ ಮೇಷ್ಟರಾಗಿ ಮರಳಿದವನು. ಹೇಳದೆ ಉಳಿದ ಮಾತಿಗೆ ಒಂದು ಘನತೆಯಿದೆ ಎಂದು ನಂಬಿದ್ದವನು. ಆದ್ದರಿಂದ ನಾನೂ ಸುಮ್ಮನಿದ್ದೆ.

ಆ ಭಾನುವಾರ ಪಕ್ಕದೂರು ಕೋಲ್ಡ್ ಕ್ರೀಕಿನ ತಂಡದ ಮೇಲೆ ಆಟ. ಸೋತವರ ಬೇಸಿಗೆ ಅಲ್ಲಿಗೇ ಮುಗಿಯುತ್ತದೆ. ಮಾರನೆಯ ದಿನ ಲೀಗಿನ ಕಮಿಟಿ ಸೇರುವುದಿತ್ತು. ಮುಂದಿನ ಸುತ್ತಿನ ಆಟಗಳಿಗೆ ಅಂಪೈರುಗಳನ್ನು ಅವರೇ ಆರಿಸುವುದು. ಕ್ಲೆಮ್‌ನ ತೀರ್ಪುಗಳು ಯಾಕೋ ನಿಧಾನವಾಗುತ್ತಿವೆ ಎಂದು ಎರಡು ಊರಿನವರು ದೂರು ಕೊಟ್ಟಿದ್ದರು. ಕಮಿಟಿಯ ಅಧ್ಯಕ್ಷ ಗೆರ್ಹಾರ್ಡ್ ನಿಸ್ಲರ್ ಅವತ್ತು ಅದನ್ನು ನೋಡಲೆಂದೇ ಬಂದು ಮೂರನೇ ಬೇಸಿನ ಕಡೆ ಕೂತಿದ್ದ.

ನಮ್ಮ ಬೆಂಚಿನಲ್ಲಿ ಎಂದಿನಂತೆ ನಾವು ನಾಲ್ವರು. ಅಕ್ಕ, ನಾನು, ಒಂದು ಕಾಲದಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದ ಆರ್ವಿಲ್ ಟೆರ್ಹಾರ್, ಶಾಲೆಯ ಅಡುಗೆಯ ಕೆಲಸದಿಂದ ನಿವೃತ್ತಳಾದ ಮೇವಿಸ್ ಕ್ಯೂಫ್ಲರ್. ಪ್ಲೇಟಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಬಾಲು ಹಿಡಿಯುವ ನಮ್ಮ ತಂಡದ ಕ್ಯಾಚರ್ ಬ್ರೆಟ್ ಮೇವಿಸಳ ಮೊಮ್ಮಗ. ಆಟ ನೋಡುವುದಕ್ಕಿಂತ ಆಟದ ಕಾನೂನಿನ ಮೇಲೆ ಜಗಳವಾಡುವುದಕ್ಕೇ ಆರ್ವಿಲ್ ಮತ್ತು ಮೇವಿಸ್ ಬರುತ್ತಿದ್ದರು ಎಂದರೆ ಸುಳ್ಳಲ್ಲ. ಐದನೇ ಸರದಿಯಲ್ಲಿ ನಮ್ಮ ಹುಡುಗನೊಬ್ಬ ಬಾಲನ್ನು ನೆಟ್ಟಗೆ ಆಕಾಶಕ್ಕೆ ಹೊಡೆದ. ಅದು ಇನ್ನೂ ಗಾಳಿಯಲ್ಲಿರುವಾಗಲೇ ಕ್ಲೆಮ್ ಬೆರಳೆತ್ತಿ ಅವನನ್ನು ಔಟ್ ಮಾಡಿದ.

"ನೋಡು, ನೋಡು!" ಎಂದಳು ಮೇವಿಸ್. "ಬಾಲಿನ್ನೂ ಕೆಳಗೆ ಬಂದಿಲ್ಲ, ಹಿಡೀತಾರೋ ಬಿಡ್ತಾರೋ ದೇವರಿಗೇ ಗೊತ್ತು, ಇವನು ಔಟ್ ಅಂತಾನೆ!"

"ಅಯ್ಯೋ, ಎಷ್ಟು ವರ್ಷ ಹೇಳ್ಬೇಕು ನಿಂಗೆ?" ಎಂದ ಆರ್ವಿಲ್. "ಒಂದನೇ ಬೇಸಲ್ಲೂ ಎರಡನೇ ಬೇಸಲ್ಲೂ ನಮ್ಮ ಹುಡುಗ್ರು ಇದ್ದಾರೆ. ಹಿಡಿಯೋನು ಬೇಕಂತ ಬಾಲ್ ಕೈಬಿಟ್ಟು, ಅವರಿಬ್ರನ್ನೂ ಒಂದೇ ಏಟಿಗೆ ಔಟ್ ಮಾಡ್ಬಿಡ್ಬೋದು. ಅಂಥ ಕಳ್ಳಾಟ ಬೇಡ ಅಂತ ಹೊಡೆದೋನನ್ನ ಮೊದ್ಲೇ ಔಟ್ ಅನ್ನೋದು."

"ಕಳ್ಳತನ ಆಗೋಕೆ ಮುಂಚೆನೇ ಶಿಕ್ಷೆ. ಅದೂ ಮನೆಯವನಿಗೆ!"

"ನಿನ್ನ ಹತ್ರ ಮಾತಾಡೋ ಬದ್ಲು ನಾನು ಈ ಕಂಬದ ಹತ್ರ ಮಾತಾಡ್ಬೋದು."

"ಮಾತಾಡು. ಅದಾದ್ರೂ ನೀನು ಹೇಳಿದ್ದು ಸರಿ ಅನ್ಬೋದು."

ಅಕ್ಕ ನಕ್ಕಳು. ಆದರೆ ಅವಳ ಕಣ್ಣು ಕ್ಲೆಮ್‌ನ ಕತ್ತಿನ ಮೇಲಿತ್ತು. ಅವನು ಈಚೆಗೆ ತಲೆಯನ್ನು ತುಸು ಎಡಕ್ಕೆ ತಿರುಗಿಸಿ ನೋಡುತ್ತಿದ್ದ, ಪಕ್ಕದ ಕೋಣೆಯ ಸದ್ದಿಗೆ ಕಿವಿಗೊಟ್ಟವನಂತೆ.

ಒಂಬತ್ತನೆಯ, ಕೊನೆಯ ಸರದಿ ಬರುವಾಗ ಎರಡೂ ಕಡೆ ನಾಲ್ಕು ನಾಲ್ಕು ರನ್. ಮೊದಲು ಕೋಲ್ಡ್ ಕ್ರೀಕಿನವರ ಬ್ಯಾಟಿಂಗ್. ಇಬ್ಬರು ಔಟ್ ಆಗಿದ್ದರು, ಒಬ್ಬ ಎರಡನೇ ಬೇಸಿನಲ್ಲಿದ್ದ. ಬ್ಯಾಟಿಗೆ ಸಿಕ್ಕ ಬಾಲು ಬಲಗಡೆಯ ಹುಲ್ಲಿಗೆ ಜಾರಿತು. ಎರಡನೇ ಬೇಸಿನವನು ಮೂರನೆಯದನ್ನು ದಾಟಿ ಪ್ಲೇಟಿನ ಕಡೆ ಓಡಿಬಂದ. ಅದನ್ನು ಮುಟ್ಟಿದರೆ ಒಂದು ರನ್. ಅತ್ತಲಿಂದ ಬಾಲು ನೆಲಕ್ಕೊಮ್ಮೆ ಪುಟಿದು ಬ್ರೆಟ್‌ನ ಗವಸಿಗೆ ಬಂತು. ಓಟಗಾರನನ್ನು ಮುಟ್ಟಿ ಔಟ್ ಮಾಡಲು ಬ್ರೆಟ್ ಬಾಗಿ ಗವಸನ್ನು ಬೀಸಿದ. ಅವನು ಅದರಿಂದ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಜಾರಿದ. ದೂಳೆದ್ದಿತು.

ಇಂಥ ಗಳಿಗೆಯಲ್ಲಿ ಅಂಪೈರ್ ಎರಡರಲ್ಲಿ ಒಂದನ್ನು ಮಾಡುತ್ತಾನೆ. ಕೈಗಳೆರಡನ್ನೂ ಅಗಲಕ್ಕೆ ಚಾಚಿದರೆ ಓಟಗಾರ ಗೆದ್ದ, ಮುಷ್ಟಿ ಎತ್ತಿದರೆ ಔಟ್. ಕ್ಲೆಮ್ ಎರಡನ್ನೂ ಮಾಡಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ, ಬಾಗಿ, ದೂಳನ್ನು ನೋಡುತ್ತಾ ನಿಂತ. ಕೂಗಲು ಬಾಯಿ ತೆರೆದಿದ್ದ ಜನ ಯಾವುದನ್ನು ಕೂಗಬೇಕೆಂದು ತಿಳಿಯದೆ ಹಾಗೇ ಇದ್ದರು. ಅಂಥ ಮೌನವನ್ನು ನಾನು ಆ ಮೈದಾನದಲ್ಲಿ ಕೇಳಿರಲಿಲ್ಲ. ಬೇಲಿಯಾಚೆಯ ಜೋಳದ ಎಲೆಗಳು ಸರಿದಾಡುವುದು ಕೇಳಿಸಿತು.

ಅಕ್ಕನ ಕೈ ನನ್ನ ತೋಳನ್ನು ಹಿಡಿಯಿತು.

ಓಟಗಾರ ಎದ್ದು ಕ್ಲೆಮ್‌ನ ಮುಖವನ್ನೊಮ್ಮೆ ನೋಡಿ ತನ್ನವರ ಕಡೆ ನಡೆದ. ಅವರು ಅವನನ್ನು ಎಳೆದುಕೊಂಡು ತಬ್ಬಿದರು. ಬ್ರೆಟ್ ಕೂಡ ಕ್ಲೆಮ್‌ನ ಕಡೆ ನೋಡಿದ. ಏನೂ ಸಿಗಲಿಲ್ಲ. ಸೋತ ಮುಖದಿಂದ ಬಾಲನ್ನು ಬಾಲ್ ಹಾಕುವ ಪಿಚರ್‌ಗೆ ಎಸೆದ. ಪಿಚರ್ ಮುಂದಿನವನಿಗೆ ಬಾಲ್ ಹಾಕಿದ. ಸ್ಕೋರಿನ ಹಲಗೆಯ ಮೇಲೆ ಕೋಲ್ಡ್ ಕ್ರೀಕಿಗೆ ಐದು ಎಂದು ನೇತುಬಿತ್ತು. ನಮ್ಮವರ ಕೊನೆಯ ಸರದಿಯಲ್ಲಿ ಯಾರೂ ಎರಡನೇ ಬೇಸನ್ನೂ ಕಾಣಲಿಲ್ಲ. ಬೇಸಿಗೆ ಮುಗಿಯಿತು.

ಸೋತರೂ ಗೆದ್ದರೂ ಆಟ ಮುಗಿದ ಮೇಲೆ ಎಲ್ಲರೂ ಬಿಯರ್ ಕೊಡುವ ತಗಡಿನ ಮಾಡಿನ ಕೆಳಗೆ ಸೇರುವುದು ವಾಡಿಕೆ. ಅವತ್ತು ಸಾಸೇಜಿನ ಹೊಗೆಯ ಜೊತೆ ಸಿಟ್ಟೂ ಸುತ್ತುತ್ತಿತ್ತು.

"ಸೇಫ್ ಅಂದ್ರೆ ಕೈ ಚಾಚು, ಔಟ್ ಅಂದ್ರೆ ಮುಷ್ಟಿ ಎತ್ತು," ಎಂದ ಆರ್ವಿಲ್. "ನಡುವೆ ಬಗ್ಗಿ ನಿಂತ್ಕೊಳ್ಳೋದು ಏನು? ಕಳೆದ್ಹೋದ ಕಾಸು ಹುಡುಕ್ತಿದ್ನಾ? ಕ್ಷಮಿಸು ರೋಸೆಲ್ಲಾ, ನಿನ್ನ ಗಂಡ ಅಂತ ಬಿಡೋಕಾಗಲ್ಲ."

"ಬಿಡ್ಬೇಡ," ಎಂದಳು ಅಕ್ಕ.

"ನನ್ನ ಬ್ರೆಟ್ ಮುಟ್ಟಿದ್ದಾನೆ," ಎಂದಳು ಮೇವಿಸ್. "ನಾನು ಕಣ್ಣಾರೆ ಕಂಡೆ."

"ನಿನ್ನ ಬ್ರೆಟ್ ಗಾಳೀನ ಮುಟ್ಟಿದ. ಗಾಳಿ ಔಟ್."

"ಹಾಲಿನ ಲಾರೀನ ಎರಡು ಸಲ ಚರಂಡಿಗೆ ಇಳಿಸಿದೋನ ಕಣ್ಣು ನಂಬಬೇಕಾ ನಾನು?"

ಹಿಂದಿನ ಸಾಲಿನಲ್ಲಿ ಯಾರೋ ಫೋನಿನಲ್ಲಿ ಅದನ್ನು ಹಿಡಿದಿದ್ದರು. ಫೋನು ಕೈಯಿಂದ ಕೈಗೆ ಬಂತು. ನಿಧಾನಗೊಳಿಸಿದ ಚಿತ್ರದಲ್ಲಿ ಬ್ರೆಟ್‌ನ ಗವಸು ಓಟಗಾರನ ಮೈಮೇಲಿಂದ ಹಾದುಹೋಯಿತು, ತಾಗದೆ. ಓಟಗಾರನ ಕಾಲು ಪ್ಲೇಟಿನ ಪಕ್ಕದಿಂದ ಹಾದುಹೋಯಿತು, ಅದೂ ತಾಗದೆ. ಮೇವಿಸ್ ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದಳು.

"ಇವನೂ ಮುಟ್ಟಿಲ್ಲ. ಅವನೂ ಮುಟ್ಟಿಲ್ಲ! ಪ್ಲೇಟ್ ಮುಟ್ದೇ ಇರೋನಿಗೆ ರನ್ ಹೇಗೆ ಕೊಟ್ರು?"

"ಯಾರೂ ಕೇಳ್ಲಿಲ್ಲ, ಅದಕ್ಕೆ," ಎಂದಿತು ಹಿಂದಿನಿಂದ ಒಂದು ದನಿ. ಗೆರ್ಹಾರ್ಡ್ ನಿಸ್ಲರ್ ಲೋಟ ಹಿಡಿದು ನಿಂತಿದ್ದ. ಅವನು ತನ್ನ ಫೋನಿನಲ್ಲಿ ಕಾನೂನನ್ನು ಹುಡುಕಿ, ಚರ್ಚಿನಲ್ಲಿ ವಾಕ್ಯ ಓದುವವನಂತೆ ಗಂಟಲು ಸರಿಮಾಡಿಕೊಂಡು ವಿವರಿಸಿದ. ಓಟಗಾರ ಪ್ಲೇಟನ್ನು ತಪ್ಪಿಸಿ, ಕ್ಯಾಚರ್ ಓಟಗಾರನನ್ನು ತಪ್ಪಿಸಿದರೆ ಅಂಪೈರ್ ಯಾವ ಸನ್ನೆಯನ್ನೂ ಮಾಡಕೂಡದು. ಮುಂದಿನ ಬಾಲ್ ಹಾಕುವುದರೊಳಗೆ ಕ್ಯಾಚರ್ ಪ್ಲೇಟಿನ ಮೇಲೆ ಕಾಲಿಟ್ಟು, "ಅವನು ಮುಟ್ಟಿಲ್ಲ" ಎಂದು ಕೇಳಬೇಕು. ಕೇಳಿದರೆ ಔಟ್. ಕೇಳದಿದ್ದರೆ ರನ್.

"ಅಂದ್ರೆ ಅಂಪೈರ್ ಕಂಡ್ರೂ ಹೇಳ್ಬಾರ್ದಾ?"

"ಹೇಳ್ಬಾರ್ದು, ಮೇವಿಸ್. ಹೇಳಿದ್ರೆ ಒಂದು ಕಡೆಯೋರಿಗೆ ಸಹಾಯ ಮಾಡಿದ ಹಾಗಾಗುತ್ತೆ."

"ಇದೆಂಥ ಕಾನೂನು? ನನ್ನ ಗಂಡ ಬರೆದಿದ್ದಾ? ನಲವತ್ತು ವರ್ಷ ಅವನೂ ಹೀಗೇ ಇದ್ದ. ಕೇಳಿದ್ರೆ ಮಾತ್ರ ಬಾಯಿ."

ಜನ ನಕ್ಕರು. ಆರ್ವಿಲ್ ನಗಲಿಲ್ಲ. ಅವನು ಟೋಪಿ ತೆಗೆದು ಬೋಳುತಲೆಯನ್ನು ಸವರಿಕೊಂಡ.

"ತಡಿ. ಅಂದ್ರೆ ಕ್ಲೆಮ್ ಅಲ್ಲಿ ನಿಂತು ಎಲ್ಲಾ ಕಂಡಿದ್ದಾನೆ. ನಮ್ಮ ಹುಡುಗ ಒಂದು ಮಾತು ಕೇಳಿದ್ರೆ ನಾವು ಉಳ್ಕೊಳ್ತಿದ್ವಿ. ಸ್ವಂತ ಊರು ಕಣ್ಣೆದುರಿಗೇ ಮುಳುಗ್ತಿದೆ, ನಾವು ಇಲ್ಲಿಂದ ಕುರುಡ ಅಂತ ಕೂಗ್ತಿದ್ದೀವಿ, ಆದ್ರೂ ಅವನು ತುಟಿ ಬಿಚ್ಚಲಿಲ್ಲ."

ಅವನು ಟೋಪಿಯನ್ನು ಮತ್ತೆ ತಲೆಗೇರಿಸಿದ.

"ಅದಕ್ಕೆ ಎಂಥ ಎದೆ ಬೇಕು," ಎಂದ.

ಮಾಡಿನ ಕೆಳಗಿನ ಗಾಳಿ ಬದಲಾದದ್ದು ನನಗೆ ಗೊತ್ತಾಯಿತು. ಸಿಟ್ಟಿಗೆ ಹೋಗಲು ಬೇರೆ ದಾರಿ ಸಿಕ್ಕಿತ್ತು. ಕಾನೂನು ಗೊತ್ತಿರದ ಊರಿನಲ್ಲಿ ಅದು ಗೊತ್ತಿದ್ದವನು ಒಬ್ಬನೇ ಎಂದು ಒಬ್ಬರು, ಅವನ ಅಪ್ಪನೂ ಹಾಗೇ ಎಂದು ಇನ್ನೊಬ್ಬರು. ಬ್ರೆಟ್ ಬರಲಿ, ಅವನಿಗೆ ನಾನೇ ಕಿವಿ ಹಿಂಡುತ್ತೇನೆ ಎಂದಳು ಮೇವಿಸ್. ಗೆರ್ಹಾರ್ಡ್ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

"ರೋಸೆಲ್ಲಾ, ನಿಜ ಹೇಳ್ತೀನಿ. ಇವತ್ತು ನಾನು ಬೇರೆ ಯೋಚನೆ ಇಟ್ಕೊಂಡು ಬಂದಿದ್ದೆ. ಅದು ಮುಗೀತು. ಮುಂದಿನ ಸುತ್ತಿಗೂ ಪ್ಲೇಟ್ ಹಿಂದೆ ಕ್ಲೆಮ್‌ನೇ. ದೊಡ್ಡ ಹುಡುಗ್ರು, ಜೋರು ಬಾಲು. ಇಂಥೋನೇ ಬೇಕು ಅಲ್ಲಿಗೆ."

ಅಕ್ಕ ತಲೆಯಾಡಿಸಿ, ನೀರು ಕುಡಿದು ಬರುತ್ತೇನೆಂದು ಹೊರಟಳು. ನಾನು ಹಿಂದೆಯೇ ಹೋದೆ. ಮಾಡಿನ ಹಿಂದಿನ ನಲ್ಲಿಯನ್ನು ತಿರುಗಿಸಿ ಕೈಯನ್ನು ನೀರಿಗೊಡ್ಡಿ ನಿಂತಿದ್ದಳು, ಕುಡಿಯಲಿಲ್ಲ.

"ಅವನಿಗೆ ಕಂಡಿರ್ಬೋದು," ಎಂದೆ ನಾನು. "ಬಲಗಣ್ಣು ಚೆನ್ನಾಗಿದೆಯಲ್ಲ."

"ಕಂಡಿರ್ಬೋದು."

"ಕಂಡಿದ್ರೆ ಅವರು ಹೇಳೋದೆಲ್ಲಾ ನಿಜ."

"ಕಾಣದಿದ್ರೆ?" ಎಂದಳು. "ಏನೂ ಕಾಣದವನೂ ಹಾಗೇ ನಿಂತಿರ್ತಾನೆ. ನೀನು ಓದಿದೋನು, ನೀನೇ ಹೇಳು, ಹೊರಗಿಂದ ಯಾವ ವ್ಯತ್ಯಾಸ?"

ಅವಳು ನೀರಿನ ಕೆಳಗೆ ಅಂಗೈ ತಿರುವಿದಳು.

"ಮುಂದಿನ ವಾರ ಅಲ್ಲಿ ನಿಲ್ಸ್ತಾರೆ. ಕಾಲೇಜಿನ ಹುಡುಗ್ರು ಎಸೆಯೋ ಬಾಲು. ಊರಿಗೂರೇ ಬೆನ್ನು ತಟ್ಟಿದ ಮೇಲೆ ಅವನು ತಾನಾಗಿ ಎಲ್ಲಿ ಬಿಡ್ತಾನೆ? ಇನ್ನು ಬಿಡೋಕೆ ಅವನಿಗೆ ದಾರೀನೇ ಇಲ್ಲ." ನಲ್ಲಿ ನಿಲ್ಲಿಸಿದಳು. "ಅವನನ್ನ ಕೇಳ್ಬೇಕು."

"ಇವತ್ತು ಬೇಡ ರೋಸ್. ಇಷ್ಟು ಜನದ ಮುಂದೆ ಬೇಡ. ಸುಮ್ನಿರು."

"ಸುಮ್ನಿದ್ದಿದ್ದಕ್ಕೇ ಇಲ್ಲಿಗೆ ಬಂದಿದ್ದು," ಎಂದು ಕೈ ಒರೆಸಿಕೊಂಡಳು. ಆದರೆ ಕೇಳುತ್ತೇನೆಂದೂ ಹೇಳಲಿಲ್ಲ, ಕೇಳುವುದಿಲ್ಲವೆಂದೂ ಹೇಳಲಿಲ್ಲ.

ನಾವು ಮರಳುವಾಗ ಕ್ಲೆಮ್ ಬಟ್ಟೆ ಬದಲಿಸಿಕೊಂಡು ಬಂದಿದ್ದ. ಊರು ಸೋತ ದಿನ ಅಂಪೈರ್ ತುಸು ತಡವಾಗಿ ಬರುತ್ತಾನೆ, ಜನರ ಸಿಟ್ಟು ಎರಡು ಲೋಟ ಇಳಿಯಲಿ ಎಂದು. ಅವನನ್ನು ಕಂಡದ್ದೇ ಆರ್ವಿಲ್ ಚಪ್ಪಾಳೆ ತಟ್ಟಿದ. ಇನ್ನೊಬ್ಬರು ಸೇರಿದರು. ನೋಡುತ್ತಿದ್ದಂತೆ ಮಾಡಿನ ಕೆಳಗೆಲ್ಲ ಚಪ್ಪಾಳೆ. ಅಷ್ಟು ವರ್ಷಗಳಲ್ಲಿ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಒಳ್ಳೆಯ ಅಂಪೈರ್ ಎಂದರೆ ನೆನಪಿಗೇ ಬರದವನು. ಕ್ಲೆಮ್ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

ಗೆರ್ಹಾರ್ಡ್ ಅವನ ಕೈಗೆ ಲೋಟ ಕೊಟ್ಟು, ಕಾನೂನಿನ ವಿಷಯವನ್ನೂ ಫೋನಿನ ಚಿತ್ರವನ್ನೂ ಮುಂದಿನ ಸುತ್ತಿನ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ. "ಸನ್ನೆ ಮಾಡ್ದೇ ನಿಂತ್ಯಲ್ಲ, ಅದು ಅಂಪೈರಿಂಗ್ ಅಂದ್ರೆ."

ಕ್ಲೆಮ್ ಲೋಟವನ್ನು ಹಿಡಿದುಕೊಂಡ. ಕುಡಿಯಲಿಲ್ಲ. ಅವನ ಮುಖದಲ್ಲಿ ಏನೋ ಒಂದು ಬಂದು ಅರ್ಧದಾರಿಯಲ್ಲಿ ನಿಂತುಬಿಟ್ಟದ್ದನ್ನು ನಾನು ಕಂಡೆ. ಜನ ಅದನ್ನು ವಿನಯವೆಂದುಕೊಂಡರು. ಅವನು ಅಲ್ಲಿಯೇ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಉಳಿದದ್ದನ್ನೆಲ್ಲ ಊರೇ ನೋಡಿಕೊಳ್ಳುತ್ತಿತ್ತು.

"ಕ್ಲೆಮ್," ಎಂದಳು ಅಕ್ಕ.

ಅವನು ದನಿ ಬಂದ ಕಡೆ ತಲೆಯನ್ನು ತುಸು ಓರೆಯಾಗಿಸಿದ. ಮೈದಾನದ ಬೇಲಿಯೊಳಗೆ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಅವನ ಕಾಲು ಪ್ಲೇಟಿಗೆ ತಾಗಲಿಲ್ಲ ಅನ್ನೋದು ನಿಂಗೆ ಕಾಣಿಸ್ತಾ?"

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಊಟಕ್ಕೆ ಉಪ್ಪು ಸಾಕೇ ಎಂದು ಕೇಳುವಷ್ಟೇ ಮೆತ್ತಗೆ ಕೇಳಿದಳು. ಆದರೂ ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಕ್ಲೆಮ್ ತುಂಬ ಹೊತ್ತು ಅವಳ ಕಡೆ ನೋಡಿದ. ಅವಳಿಗೆ ಎಲ್ಲ ಗೊತ್ತು ಎನ್ನುವುದು ಅವನಿಗೆ ತಿಳಿದದ್ದು ಆಗಲೇ ಇರಬೇಕು.

"ಇಲ್ಲ," ಎಂದ.

ಆರ್ವಿಲ್ ನಕ್ಕ. "ಏನಿಲ್ಲ? ಕಾಣಿಸ್ಲಿಲ್ವಾ, ತಾಗಿಲ್ವಾ?"

"ಕಾಣಿಸ್ಲಿಲ್ಲ, ಆರ್ವಿಲ್. ದೂಳು ಕಂಡಿತು. ಆಮೇಲೆ ಅದೂ ಇಲ್ಲ. ಎಡಗಣ್ಣಲ್ಲಿ ನಡುವೆ ಏನೂ ಉಳಿದಿಲ್ಲ ನಂಗೆ." ಲೋಟವನ್ನು ಮೇಜಿನ ಮೇಲಿಟ್ಟ. "ಊಹೆ ಮಾಡಿ ಕೈ ಎತ್ಬೋದಿತ್ತು. ತುಂಬಾ ಜನ ಹಾಗೇ ಮಾಡ್ತಾರೆ. ಕಾಣದ್ದನ್ನ ಕಂಡೆ ಅನ್ನೋಕೆ ನಂಗೆ ಬರ್ಲಿಲ್ಲ. ಯಾರಾದ್ರೂ ಏನಾದ್ರೂ ಹೇಳ್ತಾರಾ ಅಂತ ನಿಂತಿದ್ದೆ, ಅಷ್ಟೇ. ಆ ಕಾನೂನು ನಂಗೆ ಆಗ ನೆನಪಿಗೂ ಬರ್ಲಿಲ್ಲ."

ಚಪ್ಪಾಳೆ ತಟ್ಟಿದ ಕೈಗಳು ಇಡಲು ಜಾಗವಿಲ್ಲದೆ ಜೇಬುಗಳನ್ನು ಸೇರಿದವು. ಗೆರ್ಹಾರ್ಡ್ ನೆಲ ನೋಡಿದ. ನಾನು ಅಕ್ಕನನ್ನು ನೋಡಿದೆ. ಅವಳ ಕಣ್ಣು ತುಂಬಿತ್ತು, ಆದರೆ ಭುಜಗಳು ಇಳಿದಿದ್ದವು, ತುಂಬ ದೂರದಿಂದ ಹೊತ್ತು ತಂದದ್ದನ್ನು ಕೆಳಗಿಟ್ಟವಳ ಹಾಗೆ.

"ಗೆರ್ಹಾರ್ಡ್, ಮುಂದಿನ ಸುತ್ತಿಗೆ ಬೇರೆಯೋರನ್ನ ನೋಡ್ಕೋ," ಎಂದ ಕ್ಲೆಮ್. "ನಂದಾಯ್ತು. ಕೋಲ್ಡ್ ಕ್ರೀಕಿನವರಿಗೂ ನಾನೇ ಹೇಳ್ತೀನಿ. ದೂರು ಕೊಟ್ಟೋರಿಗೂ."

"ಆಗ್ಲಿ ಕ್ಲೆಮ್," ಎಂದ ಗೆರ್ಹಾರ್ಡ್. ಅವನ ಭುಜವನ್ನು ಒಮ್ಮೆ ಒತ್ತಿದ.

ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೊದಲು ಅಲುಗಾಡಿದವಳು ಮೇವಿಸ್. ಬೆಂಚಿನಲ್ಲಿ ಸರಿದು ಜಾಗ ಮಾಡಿ, ಹುಳಿ ಎಲೆಕೋಸು ಹಾಕಿದ ಸಾಸೇಜಿನ ತಟ್ಟೆಯನ್ನು ಖಾಲಿ ಜಾಗದ ಮುಂದೆ ತಳ್ಳಿದಳು.

"ಕೂತ್ಕೊ. ತಣ್ಣಗಾಗುತ್ತೆ. ಈ ವರ್ಷವೆಲ್ಲಾ ನಿನ್ನ ಕುರುಡ ಅಂದಿದ್ದೀನಿ, ಇನ್ಮೇಲೆ ಯಾರನ್ನ ಅನ್ಲಿ ನಾನು?"

"ನನ್ನ ಅನ್ನು," ಎಂದ ಆರ್ವಿಲ್. "ಅಭ್ಯಾಸ ಇದೆ."

ಕ್ಲೆಮ್ ಕೂತ. ಆಟದ ದಿನ ಜನರ ಬೆಂಚಿನಲ್ಲಿ ಅವನು ಕೂತದ್ದನ್ನು ನಾನು ಕಂಡಿರಲಿಲ್ಲ. ಆರ್ವಿಲ್ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಿದ್ದ. ತಡೆಯಲಾಗಲಿಲ್ಲ.

"ಒಂದು ಮಾತು ಕೇಳ್ಲಾ? ಕಂಡಿದ್ರೆ ಏನ್ ಮಾಡ್ತಿದ್ದೆ?"

"ಸನ್ನೆ ಮಾಡ್ತಿರ್ಲಿಲ್ಲ. ಹಾಗೇ ನಿಲ್ತಿದ್ದೆ."

"ಈಗ್ಲೂ ಹಾಗೇ ನಿಂತೆ. ಅಂದ್ಮೇಲೆ ತೀರ್ಪು ಸರಿ."

"ಸರಿ ಹೇಗಾಗುತ್ತೆ? ಕಾಣ್ದೇ ನಿಂತಿದ್ದು ತೀರ್ಪೇ ಅಲ್ಲ."

"ಪುಸ್ತಕದಲ್ಲಿ ಕಣ್ಣಿನ ವಿಷಯ ಇಲ್ಲ. ಕೈ ಎತ್ಬೇಡ ಅಂತಿದೆ, ನೀನು ಎತ್ಲಿಲ್ಲ."

"ಬ್ರೆಟ್ ಬಂದು ಕೇಳಿದ್ರೆ ಏನು ಹೇಳ್ತಿದ್ದೆ ನಾನು? ಅದು ಹೇಳು!" ಕ್ಲೆಮ್ ಮೇಜು ಕುಟ್ಟಿದ. "ಅವನು ಕೇಳ್ಲಿಲ್ಲ, ನಾನು ಬಚಾವಾದೆ. ಬಚಾವಾಗಿದ್ದನ್ನ ಸರಿ ಅಂತೀಯಾ?"

"ಇವನಿಗೆ ವಾದ ಮಾಡೋಕೂ ಬರುತ್ತೆ!" ಎಂದಳು ಮೇವಿಸ್. "ಇಷ್ಟು ವರ್ಷ ಎಲ್ಲಿಟ್ಟಿದ್ದೆ?"

ವಾದ ಮುಂದುವರಿಯಿತು. ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಅರ್ಧದಷ್ಟು ಜನ ಆರ್ವಿಲ್ ಕಡೆ, ಅರ್ಧದಷ್ಟು ಜನ ಕ್ಲೆಮ್ ಕಡೆ, ತನ್ನದೇ ತೀರ್ಪಿನ ವಿರುದ್ಧ ಅವನು ದನಿಯೆತ್ತಿ ಜಗಳಾಡುತ್ತಿದ್ದ. ಬಿಸಿಲು ಮಾಡಿನ ಅಂಚಿನಿಂದ ಒಳಗೆ ಬಿದ್ದು ಅವರ ಮೊಣಕೈಗಳ ಮೇಲೆ ಮಲಗಿತ್ತು. ಅಕ್ಕ ಗಂಡನ ಪಕ್ಕಕ್ಕೆ ಬಂದು ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವರಿಬ್ಬರ ನಡುವೆ ಹೇಳಬೇಕಾದದ್ದು ಇನ್ನೂ ಎಷ್ಟೋ ಇತ್ತು, ಮನೆಗೆ ಹೋದ ಮೇಲೆ ಹೇಳಲಿಕ್ಕೆ.

ಗದ್ದಲ ತುಸು ಬೇರೆ ಕಡೆ ತಿರುಗಿದಾಗ ಕ್ಲೆಮ್ ಅವಳ ಕಡೆ ಬಾಗಿದ.

"ನಿಂಗೆ ಕಂಡಿತಾ?"

"ಫೋನಲ್ಲಿ ನೋಡ್ದೆ."

"ಕಾಲು ಎಷ್ಟು ತಪ್ಪಿತ್ತು?"

ಅಕ್ಕ ಮೇಜಿನ ಮೇಲೆ ಅವನ ಅಂಗೈಯನ್ನು ಬಿಡಿಸಿ, ತನ್ನ ನಾಲ್ಕು ಬೆರಳುಗಳನ್ನು ಒತ್ತಾಗಿ ಜೋಡಿಸಿ ಅದರ ಮೇಲಿಟ್ಟಳು. ಅವನು ಬಾಗಿ ನೋಡಲಿಲ್ಲ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅವಳ ಕಿರುಬೆರಳಿನ ಅಂಚಿನಿಂದ ತೋರುಬೆರಳಿನ ಅಂಚಿನವರೆಗೆ ನಿಧಾನವಾಗಿ ಸವರಿದ.

"ಇಷ್ಟಾ?" ಎಂದ. "ಇಷ್ಟು ಕಾಣ್ಬೇಕಿತ್ತು."

"ಹೂಂ," ಎಂದಳು ಅಕ್ಕ. ಕೈಯನ್ನು ಅಲ್ಲಿಯೇ ಬಿಟ್ಟಳು.